ಬಾಗಿಲಕ್ಕನ ರಕ್ತ ಒಳಗೆ, ಬಾಗಿಲಕ್ಕ ಹೊರಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಸಂಶೋಧನಾ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ಒಂದೇ ಕಡೆ, ಪಾತ್ರೆ ತೊಳೆಯುವ ಕೋಣೆಯಲ್ಲಿ. ಅಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯಿಂದ ಚಪ್ಪಟೆ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ದೀಪಕ್ಕೆ ಹಿಡಿದು, ಒಳಗಿನ ಕಿತ್ತಳೆ ಬಣ್ಣದ ದ್ರವವನ್ನು ಮೆಲ್ಲಗೆ ಅಲುಗಿಸಿ ನೋಡಿ ಕಬ್ಬಿಣದ ಬುಟ್ಟಿಯಲ್ಲಿ ಜೋಡಿಸುತ್ತಿದ್ದಾರೆ. ಬುಟ್ಟಿ ತುಂಬಿತು. ಅದನ್ನು ಗೋಡೆಯ ಪಕ್ಕದ ಆಟೋಕ್ಲೇವಿನ ಹೊಟ್ಟೆಗೆ ನೂಕಿ, ಮುಚ್ಚಳದ ಹಿಡಿಯನ್ನು ಎರಡೂ ಕೈಯಿಂದ ತಿರುಗಿಸಿ ಬಿಗಿಯುತ್ತಾರೆ. ಒತ್ತಡದ ಆವಿಯಲ್ಲಿ ಎಲ್ಲವನ್ನೂ ಬೇಯಿಸಿ ನಿರ್ಜೀವ ಮಾಡುವ ಈ ಯಂತ್ರಕ್ಕೆ ಇಲ್ಲಿಯವರ ಬಾಯಲ್ಲಿ ಬರೀ ‘ಕುಕ್ಕರ್’ ಎಂದು ಹೆಸರು.

“ಇವತ್ತು ಬೇಯೋದಕ್ಕೆ ಹೊರಟಿರೋ ನಾನು ಇಷ್ಟು,” ಎನ್ನುತ್ತಾರೆ ಆಕೆ, ಕುಕ್ಕರಿನ ಕಡೆಗೆ ಗಲ್ಲ ತೋರಿಸಿ.

ಇದು ತಮಾಷೆಯಲ್ಲ. ಆ ಬಾಟಲಿಗಳಲ್ಲಿದ್ದದ್ದು ಅವರದೇ ರಕ್ತದಿಂದ ಬೆಳೆಸಿದ ಜೀವಕೋಶಗಳು. ಅವುಗಳಿಗೆ ದಿನವೂ ಉಣಿಸಿ, ಕಾವಿನಲ್ಲಿಟ್ಟು, ಹಬ್ಬ ರಜೆ ಎನ್ನದೆ ಕಾದವರೂ ಇವರೇ. ಈಗ ಅವು ಬೆಳೆಯುವ ಕೋಣೆಗೆ ಕಾಲಿಡುವ ಹಕ್ಕು ಇವರಿಗಿಲ್ಲ. ಕೋಶಗಳನ್ನು ಒಳಗಿಟ್ಟುಕೊಂಡು ಮನುಷ್ಯಳನ್ನು ಹೊರಗೆ ಹಾಕಿದ ಈ ನ್ಯಾಯದ ಬಗ್ಗೆ ಸಮಾಧಾನದಿಂದ ಬರೆಯಲು ಸಾಧ್ಯವಿಲ್ಲ. ಆದ್ದರಿಂದ ಸಮಾಧಾನ ಹುಡುಕುವವರು ಪುಟ ತಿರುಗಿಸಬಹುದು.

ಕಟ್ಟಡದಲ್ಲಿ ಎಲ್ಲರೂ ಇವರನ್ನು ಕರೆಯುವುದು ಬಾಗಿಲಕ್ಕ ಎಂದು. ವಯಸ್ಸಿನಲ್ಲಿ ಹಿರಿಯರಾದವರಿಗೂ ಅಕ್ಕನೇ. ಹೊಗಳಿಕೆಯಿಂದ ಬಂದ ಹೆಸರಲ್ಲ ಅದು, ಬೈಗುಳದಿಂದ ಬಂದದ್ದು. ಕೋಶಗಳನ್ನು ಬೆಳೆಸುವ ಕಾವುಪೆಟ್ಟಿಗೆಯ ಬಾಗಿಲನ್ನು ಯಾರಾದರೂ ತೆರೆದಿಟ್ಟು ಮಾತಾಡುತ್ತ ನಿಂತರೆ ಸಾಕು, “ಬಾಗಿಲು!” ಎಂದು ಇವರು ಹಾಕುವ ಕೂಗಿಗೆ ಮೇಲಿನ ಮಹಡಿಯವರೂ ಬೆಚ್ಚುತ್ತಿದ್ದರು. ಬಾಗಿಲು ತೆರೆದರೆ ಕಾವು ಹೋಗುತ್ತದೆ, ಒಳಗೆ ತುಂಬಿಸಿದ ಗಾಳಿಯ ಹದ ಕೆಡುತ್ತದೆ, ಕೋಶಗಳು ಮುದುಡಿಕೊಳ್ಳುತ್ತವೆ. ಕೋಪ ಇವರಿಗೆ ಹುಟ್ಟಿನಿಂದ ಬಂದದ್ದು ಎಂದು ಮನೆಯವರ ದೂರು. “ಕೋಪ ಇಲ್ದೋರ ಕೈಲಿ ಯಾವ್ದೂ ಬದುಕಲ್ಲ,” ಎಂದು ಇವರ ಉತ್ತರ.

ಈ ಕೋಶಗಳ ಕೆಲಸವೇನು ಎಂದು ಕೇಳಿದರೆ ದೊಡ್ಡ ಡಾಕ್ಟರು, ಅಂದರೆ ಈ ಸಂಶೋಧನೆಯ ಮುಖ್ಯಸ್ಥರು, ಪರದೆ ಇಳಿಸಿ ಚಿತ್ರ ತೋರಿಸುತ್ತಾರೆ. ಬಾಗಿಲಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ. “ವೈರಸ್ಸು ಅಂದ್ರೆ ಒಲೆ ಇಲ್ಲದ ನೆಂಟ. ಸ್ವಂತ ಅಡುಗೆಮನೆ ಇಲ್ಲ ಅದಕ್ಕೆ. ನಮ್ಮ ಮೈಯ ಕೋಶದ ಬಾಗಿಲು ತಟ್ಟಿ, ಒಳಗೆ ನುಗ್ಗಿ, ನಮ್ಮ ಒಲೇಲೇ ಬೇಯಿಸ್ಕೊಂಡು, ತನ್ನಂಥೋರು ನೂರು ಜನಾನ ಹುಟ್ಟಿಸಿ ಮನೆ ಒಡೆದು ಹೊರಗೆ ಬರುತ್ತೆ. ನಾವು ಏನು ಮಾಡ್ತೀವಿ? ಅದಕ್ಕೆ ಇಷ್ಟವಾದ ಬಾಗಿಲು ಹಾಕಿ, ಒಳಗೆ ಒಲೇನೇ ಇಲ್ಲದ ಮನೆ ಕಟ್ತೀವಿ. ಬಾ ಅಂತೀವಿ. ಬರುತ್ತೆ. ಬಂದ್ಮೇಲೆ ಬೇಯಿಸೋದಕ್ಕೆ ಏನೂ ಇಲ್ಲ, ಆಚೆ ಹೋಗೋದಕ್ಕೆ ದಾರಿ ಇಲ್ಲ. ಅಲ್ಲೇ ಸಾಯುತ್ತೆ, ಮನೆ ಸಮೇತ.”

ಇವಕ್ಕೆ ಇಲ್ಲಿ ಸೋಗಿನ ಕೋಶಗಳು ಎನ್ನುತ್ತಾರೆ. ಹಿಂದೆ ಬೇಟೆಗಾರರು ಪಳಗಿಸಿದ ಹಕ್ಕಿಯನ್ನು ಬಲೆಯ ಬಳಿ ಕಟ್ಟಿ ಕಾಡಿನ ಹಕ್ಕಿಗಳನ್ನು ಕರೆಸುತ್ತಿದ್ದರಂತೆ, ಆ ಹಕ್ಕಿಗೆ ದೀವ ಎಂದು ಹಳೆಯ ಹೆಸರು. ಇವು ರಕ್ತದ ದೀವಗಳು. ಕೆಂಪು ರಕ್ತಕಣ ಬಲಿಯುವಾಗ ತನ್ನ ನಡುವಿನ ತಿರುಳನ್ನು ತಾನೇ ಹೊರಗೆ ಹಾಕುತ್ತದೆ. ತಿರುಳಿಲ್ಲದ ಕೋಶದಲ್ಲಿ ವೈರಾಣು ಮರಿ ಹಾಕಲಾರದು. ಹಾಗಾಗಿ ರಕ್ತದಿಂದ ತೆಗೆದ ಎಳೆಯ ಕೋಶಗಳನ್ನು ಮೊದಲು ನಿಲ್ಲದೆ ಬೆಳೆಯುವಂತೆ ಬದಲಾಯಿಸುತ್ತಾರೆ. ಇವು ತಾಯಿಕೋಶಗಳು. ಅವುಗಳಲ್ಲಿ ಒಂದು ಪಾಲನ್ನು ಆಗಾಗ ಬೇರೆ ಪೆಟ್ಟಿಗೆಗೆ ಹಾಕಿ ಬಲಿಯಲು ಬಿಡುತ್ತಾರೆ, ತಿರುಳು ಕಳಚಿಕೊಂಡವನ್ನು ಪಕ್ಕದ ವಾರ್ಡಿಗೆ ಕಳಿಸುತ್ತಾರೆ. ಅಲ್ಲಿ ಇರುವವರು ಬೇರೆ ಕಾಯಿಲೆಗಳಿಂದ ಸೋತ ಮೈಯವರು, ಮೇಲೆ ಶ್ವಾಸಕೋಶಕ್ಕೆ ವೈರಾಣು ಹತ್ತಿದವರು. ಮದ್ದು ನಾಟದೆ ಒಪ್ಪಿಗೆ ಕೊಟ್ಟು ಈ ಪ್ರಯೋಗಕ್ಕೆ ಸೇರಿದವರು.

ಬಾಗಿಲಕ್ಕ ಈ ಕಟ್ಟಡಕ್ಕೆ ಬಂದದ್ದು ಆಸ್ಪತ್ರೆಯ ಬಟ್ಟೆ ಮಡಚುವ ಕೆಲಸದಿಂದ. ಆಗ ಕೋಶದ ಕೋಣೆಯಲ್ಲಿ ಉಣಿಸುತ್ತಿದ್ದ ಹಿರಿಯಾಕೆಗೆ ಮಂಡಿನೋವು, ಜೊತೆಗೆ ಒಬ್ಬರು ಬೇಕಿತ್ತು. ಹೋದರು, ಉಳಿದರು. ಕೆಲಸ ನೋಡುವುದಕ್ಕೆ ಸುಲಭ. ದ್ರವ ಕೆಂಪಿದ್ದರೆ ಕೋಶ ನೆಮ್ಮದಿಯಾಗಿದೆ, ಕಿತ್ತಳೆಗೆ ತಿರುಗಿದರೆ ಹಸಿದಿದೆ, ಹಳದಿಯಾದರೆ ತಡವಾಯಿತು. ಹಳೆಯದನ್ನು ತೆಗೆಯಬೇಕು, ಬೆಚ್ಚಗಿನ ಹೊಸದನ್ನು ಹಾಕಬೇಕು, ಉಸಿರು ಕೂಡ ತಾಗದಂತೆ. ಆದರೆ ಇದನ್ನು ಪ್ರತಿದಿನ ಮಾಡಬೇಕು. ಕಟ್ಟಡದ ಮಿಕ್ಕವರಿಗೆಲ್ಲ ವಾರದ ರಜೆ ಇತ್ತು, ಬೇಸಗೆ ರಜೆ ಇತ್ತು, ನೆಂಟರ ಮದುವೆ ಇತ್ತು. “ಹಸಿವಿಗೆ ಭಾನುವಾರ ಉಂಟಾ?” ಎಂದು ಇವರು ಭಾನುವಾರವೂ ಬರುತ್ತಿದ್ದರು.

ಮನೆಯಲ್ಲಿ ಇದಕ್ಕೆ ಬೈಗುಳ ಬೇರೆ. ಗಂಡ ಶಾಲಾ ವ್ಯಾನಿನ ಚಾಲಕರು, ಮಾತು ಕಡಿಮೆ. ಆ ಕೊರತೆಯನ್ನು ಅತ್ತೆ ತುಂಬಿಕೊಡುತ್ತಾರೆ. ಎರಡು ಕೋಣೆಯ ಮನೆಯ ಹೊಸಿಲಲ್ಲಿ ಕೂತು ಸೊಸೆ ಚಪ್ಪಲಿ ಮೆಟ್ಟುವುದನ್ನು ನೋಡುತ್ತ ಹೇಳುವ ಮಾತು ಒಂದೇ. “ಹೋಗವ್ವಾ ಹೋಗು. ಕಣ್ಣಿಗೆ ಕಾಣೋ ಅತ್ತೆಗೆ ತಣ್ಣೀರು, ಕಣ್ಣಿಗೆ ಕಾಣದ ಹುಳಕ್ಕೆ ಬಿಸಿನೀರು.” ಅದೇ ಅತ್ತೆ ನೆರೆಮನೆಯವರ ಮುಂದೆ, “ನಮ್ಮ ಸೊಸೆ ಸಾಕಿದ ಹುಳ ಜನ ಉಳಿಸ್ತಾವಂತೆ,” ಎಂದು ಬೀಗುವುದೂ ಉಂಟು. ಸೊಸೆಗೆ ಕೇಳಿಸದಂತೆ, ಅಷ್ಟೇ.

ಇನ್ನು ರಕ್ತದ ವಿಷಯ. ಎಲ್ಲರಿಗೂ ಹೊಂದುವ ಗುಂಪಿನ ರಕ್ತವೇ ಈ ಕೆಲಸಕ್ಕೆ ಬೇಕು. ಒಂದು ದಿನ ಬರಬೇಕಿದ್ದ ದಾನಿ ಶೀತ ಹಿಡಿಸಿಕೊಂಡು ಬಂದ. ರಕ್ತದ ಕೋಣೆಯ ಸಿಸ್ಟರು ಅವನನ್ನು ಬಾಗಿಲಲ್ಲೇ ವಾಪಸು ಕಳಿಸಿದರು. ದ್ರವ ಸಿದ್ಧವಾಗಿತ್ತು, ಪೆಟ್ಟಿಗೆ ಕಾದಿತ್ತು, ಎಲ್ಲವೂ ಹಾಳಾಗುವುದರಲ್ಲಿತ್ತು. ದೊಡ್ಡ ಡಾಕ್ಟರು ತಲೆಯ ಮೇಲೆ ಕೈ ಹೊತ್ತಿದ್ದರು. “ನಂದೂ ಅದೇ ಗುಂಪು ಸಾರ್,” ಎಂದು ಬಾಗಿಲಕ್ಕ ತೋಳು ಚಾಚಿದರು. ಅಲ್ಲಿ ಯಾರೂ ಅವರನ್ನು ಒತ್ತಾಯಿಸಲಿಲ್ಲ. ಯಾರೂ ತಡೆಯಲೂ ಇಲ್ಲ. ತಡೆಯಬೇಕಿತ್ತು.

ಯಾಕೆಂದರೆ ಇಂಥ ಕೋಣೆಗಳಿಗೆಲ್ಲ ಒಂದು ಹಳೆಯ ಕಟ್ಟಳೆಯಿದೆ. ತನ್ನ ಮೈಯಿಂದ ತೆಗೆದ ಕೋಶವನ್ನು ತಾನೇ ಸಾಕಬಾರದು. ಬೇರೆಯವರ ಕೋಶ ಅಕಸ್ಮಾತ್ ಚುಚ್ಚಿಕೊಂಡು ಮೈಯೊಳಗೆ ಹೋದರೆ ಮೈಯ ಕಾವಲು ಅದನ್ನು ಅಟ್ಟಾಡಿಸಿ ಕೊಲ್ಲುತ್ತದೆ. ತನ್ನದೇ ಕೋಶವಾದರೆ? ಆಗ ಯಾರೂ ತಿಳಿಸದಿದ್ದ ಈ ಸಂಗತಿಯನ್ನು ಈಗ ಬಾಗಿಲಕ್ಕನೇ ವಿವರಿಸುತ್ತಾರೆ. “ಮನೆಮಗನೇ ಕಳ್ಳನಾಗಿ ಬಂದ್ರೆ ನಾಯಿ ಬೊಗಳುತ್ತಾ? ಬಾಲ ಅಲ್ಲಾಡಿಸುತ್ತೆ. ಒಳಗೆ ಬಿಟ್ಕೊಳುತ್ತೆ.” ನಿಲ್ಲದೆ ಬೆಳೆಯುವಂತೆ ಬದಲಾಯಿಸಿದ ತಾಯಿಕೋಶ ಹಾಗೆ ಒಳಗೆ ಸೇರಿ ಬೇರುಬಿಟ್ಟರೆ ಮುಂದೇನು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಗಂಟು ಆಗಬಹುದು, ಆಗದೆಯೂ ಇರಬಹುದು, ನಾಳೆಯೇ ಅಲ್ಲದಿರಬಹುದು. ಕಟ್ಟಳೆ ಸರಿಯಾಗಿಯೇ ಇದೆ. ಅದನ್ನು ಬಾಗಿಲಕ್ಕನೂ ಒಪ್ಪುತ್ತಾರೆ.

ಒಪ್ಪಲಾಗದ್ದು ಮುಂದಿನದು. ಇಲ್ಲಿ ಬಾಟಲಿಗಳ ಮೇಲೆ ದಾನಿಯ ಹೆಸರಿರುವುದಿಲ್ಲ, ಸಂಖ್ಯೆಯಿರುತ್ತದೆ. ಯಾವ ಸಂಖ್ಯೆ ಯಾರದು ಎಂದು ತೆರೆದು ನೋಡುವ ಅಧಿಕಾರ ದೊಡ್ಡ ಡಾಕ್ಟರಿಗೆ ಮಾತ್ರ. ತಾನು ಕೊಟ್ಟ ರಕ್ತವೂ ಬೇರೆ ದಾನಿಗಳದ್ದರಂತೆ ಏಳದೆ ಮುಗಿದುಹೋಯಿತು ಎಂದು ಬಾಗಿಲಕ್ಕ ತಿಳಿದಿದ್ದರು. ಅದು ಮುಗಿದಿರಲಿಲ್ಲ. ಹಿಂದಿನ ದಾನಿಗಳ ಕೋಶಗಳೆಲ್ಲ ಸೊರಗುತ್ತಿದ್ದಾಗ ಇದೊಂದು ಬಳ್ಳಿ ಹಬ್ಬಿದಂತೆ ಬೆಳೆಯಿತು. ವಾರ್ಡಿಗೆ ಹೋದದ್ದು ಇದೇ, ಗುಣ ತೋರಿಸಿದ್ದೂ ಇದೇ. ಬಾಗಿಲಕ್ಕ ಕೂಡ ಅದನ್ನು ಹೊಗಳುತ್ತಿದ್ದರು. “ಈ ಸಲದ್ದು ಒಳ್ಳೇ ಜಾತಿ. ಹೇಳಿದ ಮಾತು ಕೇಳುತ್ತೆ,” ಎಂದು ಎಲ್ಲರ ಮುಂದೆ ಆಡಿದ್ದರಂತೆ. ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಕೇಳಿಸಿಕೊಂಡು ಸುಮ್ಮನಿದ್ದರು.

ಒಂದು ಬೆಳಿಗ್ಗೆ ದ್ರವ ಹೀರಿ ಹಾಕುವ ಗಾಜಿನ ಪಿಪೆಟ್ಟಿನ ಮೊನೆ ಮುರಿಯಿತು. ಗ್ಲೌಸು ಹರಿದು ಎಡಗೈಯ ತೋರುಬೆರಳಿಗೆ ಚುಚ್ಚಿತು. ತಾಯಿಕೋಶ ತುಂಬಿದ ಪಿಪೆಟ್ಟು ಅದು. ಸೂಜಿ ಚುಚ್ಚಿದಷ್ಟೂ ನೋವಿಲ್ಲ, ಒಂದು ಹನಿ ರಕ್ತ. ಬೇರೆ ಯಾರಾದರೂ ಆಗಿದ್ದರೆ ನೀರಲ್ಲಿ ತೊಳೆದು ಮರೆಯುತ್ತಿದ್ದರೇನೋ. ಇವರು ನಿಯಮದಂತೆ ಹೋಗಿ ಹೇಳಿದರು. ಸುರಕ್ಷತೆ ನೋಡುವ ಅಧಿಕಾರಿ ಸಂಖ್ಯೆ ಕೇಳಿದರು, ಡಾಕ್ಟರಿಗೆ ಫೋನು ಮಾಡಿದರು, ಫೋನು ಇಟ್ಟ ಮೇಲೆ ಬಾಗಿಲಕ್ಕನ ಮುಖ ನೋಡಲಿಲ್ಲ. “ಇವತ್ತು ಮನೆಗೆ ಹೋಗಿ,” ಎಂದರು. ಮರುದಿನ ಬಂದಾಗ ಕೋಶದ ಕೋಣೆಯ ಬಾಗಿಲು ಇವರ ಕಾರ್ಡಿಗೆ ತೆರೆಯಲಿಲ್ಲ. ತೊಳೆಯುವ ಕೋಣೆಗೆ ಹೋಗಿ ಎಂದು ಕಾವಲುಗಾರ ಹೇಳಿದ. ಹೇಳುವ ಕೆಲಸವನ್ನು ಕಾವಲುಗಾರನಿಗೆ ಬಿಟ್ಟಿದ್ದರು.

ಅವು ಬಾಗಿಲಕ್ಕನದೇ ಕೋಶಗಳು ಎಂದು ಕೊನೆಗೆ ಹೇಳಿದವರು ಸಿಸ್ಟರು, ಅದೂ ತಡೆಯಲಾರದೆ. ಬಾಗಿಲಕ್ಕ ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದರು. “ನಾನು ಕೇಳಿದ್ದು ಒಂದೇ ಮಾತು. ಅದು ನನ್ನ ರಕ್ತ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಸಾರ್? ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ವಿಜ್ಞಾನಕ್ಕೆ ನಿಮ್ಮ ಕೊಡುಗೆ ದೊಡ್ಡದು ಅಂದ್ರು. ಕೊಡುಗೆ ಅಂತೆ! ಕೊಡೋವಾಗ ಗೊತ್ತಿದ್ರೆ ಕೊಡುಗೆ. ಗೊತ್ತಿಲ್ಲದೆ ಹೋದ್ರೆ ಅದಕ್ಕೆ ಬೇರೆ ಹೆಸರಿದೆ.”

ಆ ಹೆಸರನ್ನು ಇಲ್ಲಿ ನಾವೇ ಬರೆಯಬಹುದು. ಕಳವು. ರಕ್ತದ ಕಳವಲ್ಲ, ಅದನ್ನು ಆಕೆ ತಾನಾಗಿ ಕೊಟ್ಟರು. ಕದ್ದದ್ದು ಆಕೆಗೆ ತಿಳಿಯಬೇಕಿದ್ದ ಒಂದು ಮಾತನ್ನು. ಆ ಮಾತು ತಿಳಿದಿದ್ದರೆ ಆ ಬೆಳಿಗ್ಗೆ ಆ ಪಿಪೆಟ್ಟು ಆ ಕೈಯಲ್ಲಿ ಇರುತ್ತಲೇ ಇರಲಿಲ್ಲ. ಈಗ ಅವರು ಆಗಾಗ ಹೋಗಿ ಮೈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈವರೆಗೆ ಏನೂ ಕಂಡಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದೊಡನೆ ದೇವರ ಮುಖವನ್ನಲ್ಲ, ಎಡಗೈಯ ತೋರುಬೆರಳನ್ನು ಒತ್ತಿ ನೋಡಿಕೊಳ್ಳುತ್ತಾರೆ. ಗಂಡ ನೋಡಿಯೂ ನೋಡದಂತೆ ಆ ಕಡೆ ಹೊರಳುತ್ತಾರೆ.

ಇದೇ ಹೊತ್ತಿನಲ್ಲಿ ಪ್ರಯೋಗದ ಮೊದಲ ಫಲಿತಾಂಶ ಹೊರಬಂತು. ವಾರ್ಡಿನಲ್ಲಿ ಹಲವರ ಮೈಯಲ್ಲಿ ವೈರಾಣು ಇಳಿದಿತ್ತು. ದೊಡ್ಡ ಡಾಕ್ಟರಿಗೆ ಹಾರ, ಫೋಟೊ, ‘ಸೋಗಿನ ಕೋಶಗಳ ಜನಕ’ ಎಂಬ ಬಿರುದು. ಜನಕರಂತೆ! ರಕ್ತ ಆಕೆಯದು, ಉಣಿಸಿದ ಕೈ ಆಕೆಯದು, ಚುಚ್ಚಿಸಿಕೊಂಡ ಬೆರಳು ಆಕೆಯದು, ಜನಕ ಮಾತ್ರ ಇವರು. ಭಾಷಣದಲ್ಲಿ ‘ಒಬ್ಬ ಅನಾಮಿಕ ದಾನಿ’ಗೆ ಧನ್ಯವಾದ ಹೇಳಿದರು. ಅನಾಮಿಕ ದಾನಿ ಅದೇ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ ಸಮಾರಂಭದ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರಲ್ಲ, ಇಲ್ಲಿ ಅಂಬಿಗನನ್ನು ನೀರಿಗೆ ನೂಕಿ ಅವನ ದೋಣಿಯನ್ನೂ ಇಟ್ಟುಕೊಂಡರು.

ಕೋಶದ ಕೋಣೆಗೆ ಔಷಧಿ ಸ್ಟೋರಿನಿಂದ ಒಬ್ಬರನ್ನು ಹಾಕಿದರು. ಸ್ಟೋರಿನಣ್ಣ ಎಂದೇ ಅವರ ಹೆಸರು. ಒಳ್ಳೆಯವರು, ನಡುವಯಸ್ಸಿನವರು, ಸ್ವಲ್ಪ ಮರೆವು. ತೊಳೆಯುವ ಕೋಣೆಗೂ ಕೋಶದ ಕೋಣೆಗೂ ನಡುವೆ ಓಡಾಡುವ ಜಾಗ, ಎರಡೂ ಕಡೆ ಗಾಜು. ಬಾಗಿಲಕ್ಕ ಇಲ್ಲಿಂದಲೇ ಅವರ ಕೈ ನೋಡುತ್ತಿರುತ್ತಾರೆ. ಬಳಸಿ ಮುಗಿದ ಬಾಟಲಿಗಳು ತಳ್ಳುಗಾಡಿಯಲ್ಲಿ ಇಲ್ಲಿಗೇ ಬರುತ್ತವೆ, ಬೇಯಿಸಲು. ಆಕೆಯ ಕೋಶಗಳನ್ನು ಸಾಕುವ ಕೆಲಸ ಆಕೆಗೆ ಅಪಾಯವಂತೆ. ಬೇಯಿಸಿ ಕೊಲ್ಲುವ ಕೆಲಸಕ್ಕೆ ಅಡ್ಡಿಯಿಲ್ಲ, ಬಾಟಲಿಯ ಮುಚ್ಚಳಕ್ಕೆ ಮೊಹರು ಹಾಕಿರುತ್ತದಲ್ಲ! ನಿಯಮ ಬರೆದವರು ಇದನ್ನು ಯೋಚಿಸಿರಲಿಕ್ಕಿಲ್ಲ. ನಿಯಮ ಓದಿದವರಾದರೂ ಯೋಚಿಸಬಹುದಿತ್ತು.

ಆಮೇಲೆ ಆಗಬಾರದ್ದು ಆಯಿತು. ತಾಯಿಕೋಶಗಳ ಒಂದು ಪಾಲನ್ನು ಮುಂದಿನ ಕಾಲಕ್ಕೆಂದು, ಮಂಜಿಗಿಂತ ಎಷ್ಟೋ ತಣ್ಣಗಿನ ದ್ರವ ಸಾರಜನಕದ ಹಂಡೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಆ ದ್ರವ ತಾನಾಗಿ ಆವಿಯಾಗುತ್ತಿರುತ್ತದೆ, ಆಗಾಗ ತುಂಬಿಸಬೇಕು. ತುಂಬಿಸುತ್ತಿದ್ದವರು ಬಾಗಿಲಕ್ಕ. ಅದು ಯಾರ ಕೆಲಸವೆಂದು ಯಾವ ಆದೇಶದಲ್ಲೂ ಇರಲಿಲ್ಲ. ಹಿರಿಯಾಕೆ ಮಾಡುತ್ತಿದ್ದರು, ಆಮೇಲೆ ಇವರು ಮಾಡಿದರು. ಇವರನ್ನು ಅವಸರದಲ್ಲಿ ಹೊರಗೆ ದಬ್ಬಿದಾಗ ಇನ್ನೇನು ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಇವರೂ ಅಂದಿನ ಸಿಟ್ಟಿನಲ್ಲಿ ಅದನ್ನು ಮರೆತರು. “ಅದೊಂದು ನನ್ನ ತಪ್ಪು. ಬೆಂಕಿ ಹತ್ತಿದ ತಲೇಲಿ ಹಂಡೆ ನೆನಪಾಗ್ಲಿಲ್ಲ,” ಎನ್ನುತ್ತಾರೆ. ದೀರ್ಘ ರಜೆ ಕಳೆದು ತೆರೆದಾಗ ಹಂಡೆ ಒಣಗಿತ್ತು. ಒಳಗಿನ ಕೋಶಗಳು ಸತ್ತಿದ್ದವು. ಉಳಿದದ್ದು ಕಾವುಪೆಟ್ಟಿಗೆಯ ಬಾಟಲಿಗಳಲ್ಲಿದ್ದಷ್ಟೇ, ಅವೂ ಬೆಳೆದು ಬೆಳೆದು ಮೊದಲಿನ ಗುಣ ಕಳೆದುಕೊಳ್ಳುತ್ತಿದ್ದವು. ವಾರ್ಡಿಗೆ ಹೋಗುವ ಪಾಲು ತೆಳುವಾಗತೊಡಗಿತು.

ಆಗ ದೊಡ್ಡ ಡಾಕ್ಟರು ಮೊದಲ ಸಲ ತೊಳೆಯುವ ಕೋಣೆಗೆ ಬಂದರು. ಒದ್ದೆ ನೆಲದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕುಕ್ಕರಿಗೆ ಒರಗಲು ಹೋಗಿ ಬೆನ್ನು ಸುಟ್ಟುಕೊಂಡರು. ಬಾಗಿಲಕ್ಕ ನಗಲಿಲ್ಲ. “ನಗು ಬಂದಿತ್ತು. ಕೊಡ್ಲಿಲ್ಲ,” ಎಂದು ಈಗ ಹೇಳುತ್ತಾರೆ. ಬಂದ ಕಾರಣ ಇಷ್ಟು: ಮತ್ತೊಮ್ಮೆ ರಕ್ತ ಬೇಕು. ಬೇರೆ ದಾನಿಗಳದ್ದು ಅಷ್ಟು ಚೆನ್ನಾಗಿ ಏಳುತ್ತಿಲ್ಲ.

ಬಾಗಿಲಕ್ಕನ ಮುಂದೆ ಎರಡು ದಾರಿಗಳಿದ್ದವು, ಅವನ್ನು ಬಿಡಿಸಿ ಹೇಳಿದವರು ಸಿಸ್ಟರು. ಕೊಡುವುದಿಲ್ಲ ಎನ್ನಬಹುದು. ಅಷ್ಟೇ ಅಲ್ಲ, ಈಗಿರುವುದನ್ನೂ ನಾಶ ಮಾಡಿ ಎನ್ನುವ ಹಕ್ಕು ದಾನಿಗಿದೆ. ಹಾಗೆಂದರೆ ಬೇರೆಯವರ ರಕ್ತ ಬರುತ್ತದೆ, ತಡವಾಗಿಯಾದರೂ ಕೆಲಸ ಮತ್ತೆ ಶುರುವಾಗುತ್ತದೆ, ಬಾಗಿಲಕ್ಕ ಕಟ್ಟಳೆ ಮುರಿಯದೆ ತನ್ನ ಕೋಣೆಗೆ ಮರಳಬಹುದು. ಕೊಟ್ಟರೆ ಆ ಕೋಶ ಇರುವಷ್ಟು ಕಾಲವೂ, ಅಂದರೆ ನಿವೃತ್ತಿಯವರೆಗೂ, ಆ ಬಾಗಿಲು ಅವರಿಗೆ ಮುಚ್ಚಿದಂತೆಯೇ. ರಕ್ತ ಒಳಗಿರಬೇಕು, ಇಲ್ಲವೇ ಕೈ ಒಳಗಿರಬೇಕು. ಎರಡೂ ಕೂಡದು.

ಆ ರಾತ್ರಿ ಮನೆಯಲ್ಲಿ ಗಂಡ ಅಪರೂಪಕ್ಕೆ ಮಾತಾಡಿದರು. “ಬೇಡ ಅನ್ನು. ಒಂದ್ಸಲ ಕೊಟ್ಟಿದ್ದಕ್ಕೆ ಏನು ಸಿಕ್ತು ಅಂತ ಗೊತ್ತಲ್ಲ. ಬೆರಳು ನೋಡ್ಕೋ.” ಅತ್ತೆ ಸೊಸೆಯ ಪರವಾಗಿ ಡಾಕ್ಟರಿಗೆ ಶಾಪ ಹಾಕಿದರು, ಅದೂ ಉದ್ದವಾಗಿ, ಏಳು ತಲೆಮಾರು ಮುಟ್ಟುವಂತೆ. ಬಾಗಿಲಕ್ಕನೂ ಬೇಡ ಎಂದೇ ತೀರ್ಮಾನಿಸಿ ಮಲಗಿದರು. ಮರುದಿನ ಕೋಣೆಯ ಬೀಗದ ಬಗ್ಗೆ, ತನ್ನ ಹಳೆಯ ಕುರ್ಚಿಯ ಬಗ್ಗೆ ಯೋಚಿಸುತ್ತಲೇ ಆಸ್ಪತ್ರೆಗೆ ಹೊರಟರು.

ವಾರ್ಡಿನ ಪಾತ್ರೆಗಳ ತಳ್ಳುಗಾಡಿ ತರಲು ಅದರ ಪಕ್ಕದ ಓಣಿಯಲ್ಲೇ ಹೋಗಬೇಕು. ಅಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕರು. ಬಂದಾಗ ಎರಡು ಮಾತು ಜೋಡಿಸಲು ಉಸಿರಿರಲಿಲ್ಲ, ಮೂಗಿಗೆ ನಳಿಕೆ, ತುಟಿ ನೀಲಿ. ಸೋಗಿನ ಕೋಶ ಹನಿಹನಿಯಾಗಿ ಇಳಿಯುತ್ತ ಬಂದು ಕೆಲವು ವಾರವಾಗಿತ್ತು. ಆ ಬೆಳಿಗ್ಗೆ ಅವರು ಊಟ ತಂದವನನ್ನು ಬೈಯುತ್ತಿದ್ದರು. ಆರಿದ ಅನ್ನ ತಂದಿದ್ದಕ್ಕೆ ಶುರುವಾದದ್ದು, ಅವನ ನಡಿಗೆ, ಅವನ ತಲೆಗೂದಲು, ಅವನಿಗೆ ಕೆಲಸ ಕೊಟ್ಟವರು, ಈ ಆಸ್ಪತ್ರೆ, ಸರ್ಕಾರ, ಎಲ್ಲವನ್ನೂ ಸುತ್ತಿ ಮತ್ತೆ ಅನ್ನಕ್ಕೇ ಬಂತು. ನಡುವೆ ಎಲ್ಲೂ ಉಸಿರಿಗೆಂದು ನಿಲ್ಲಲಿಲ್ಲ. ಬಾಗಿಲಕ್ಕ ತಳ್ಳುಗಾಡಿ ಹಿಡಿದು ಪೂರ್ತಿ ಕೇಳಿಸಿಕೊಂಡರು.

“ಬೈಯೋಷ್ಟು ಉಸಿರು ಬಂದ್ರೆ ಮನುಷ್ಯ ಬದುಕ್ದ ಅಂತ ಲೆಕ್ಕ,” ಎನ್ನುತ್ತಾರೆ. “ಅಲ್ಲಿ ನಿಂತಾಗ ಅನ್ನಿಸ್ತು, ಅವರ ಬಾಯಿಂದ ಬರ್ತಿರೋ ಸಿಟ್ಟಲ್ಲಿ ನಂದೂ ಸ್ವಲ್ಪ ಇದೆ ಅಂತ. ಇದನ್ನ ಹೇಗೆ ಕುಕ್ಕರಿಗೆ ಹಾಕಲಿ? ಹಾಕೋ ಕೈ ನಂದೇ ಅಲ್ವಾ?”

ಹಾಗೆಂದು ಸುಮ್ಮನೆ ತೋಳು ಚಾಚುವ ಹೆಂಗಸಲ್ಲ ಬಾಗಿಲಕ್ಕ. ಒಮ್ಮೆ ಹಾಗೆ ಚಾಚಿ ಆಗಿತ್ತು. ದೊಡ್ಡ ಡಾಕ್ಟರ ಬಳಿ ಹೋಗಿ ಎರಡು ಷರತ್ತು ಹೇಳಿದರು. ಕೋಶದ ಕೋಣೆಯ ಬಾಗಿಲಿಗೆ ಆ ಕಟ್ಟಳೆಯನ್ನು ಎಲ್ಲರಿಗೂ ಓದಲು ಬರುವ ಮಾತಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಮತ್ತು ಅದು ಯಾರ ರಕ್ತವೆಂದು ತಮಗೆ ಮೊದಲೇ ಗೊತ್ತಿತ್ತು ಎಂದು ಡಾಕ್ಟರು ಎಲ್ಲರ ಮುಂದೆ ಆ ಬಾಗಿಲಲ್ಲೇ ನಿಂತು ಹೇಳಬೇಕು. ಮೊದಲನೆಯದಕ್ಕೆ ಅವರು ತಕ್ಷಣ ಒಪ್ಪಿದರು. ಎರಡನೆಯದಕ್ಕೆ ಗೌರವಧನ ಕೊಡಿಸುತ್ತೇನೆ ಎಂದರು, ಸಮಾರಂಭದಲ್ಲಿ ಶಾಲು ಹೊದಿಸುತ್ತೇನೆ ಎಂದರು. “ಶಾಲು ಮನೇಲಿದೆ ಸಾರ್,” ಎಂದು ಬಾಗಿಲಕ್ಕ ಪಾತ್ರೆ ತೊಳೆಯಲು ಹೋದರು. ವಾರ್ಡಿನ ಪಾಲು ಇನ್ನಷ್ಟು ತೆಳುವಾಯಿತು. ಡಾಕ್ಟರು ಮತ್ತೆ ಬಂದರು, ಈ ಸಲ ಕುಕ್ಕರಿಗೆ ಒರಗದೆ.

ಬಾಗಿಲಿಗೆ ಫಲಕ ಬಂತು: ‘ಈ ಕೋಣೆಯಲ್ಲಿ ನಿಮ್ಮ ರಕ್ತದ ಕೋಶ ಬೆಳೆಯುತ್ತಿದ್ದರೆ ಒಳಗೆ ಬರಬೇಡಿ. ಬೆಳೆಯುತ್ತಿದೆಯೇ ಎಂದು ಕೇಳುವ ಹಕ್ಕು ನಿಮ್ಮದು. ಕೇಳದಿದ್ದರೂ ಹೇಳುವ ಹೊಣೆ ನಮ್ಮದು.’ ಕೊನೆಯ ಸಾಲು ಬಾಗಿಲಕ್ಕ ಹಟ ಹಿಡಿದು ಸೇರಿಸಿದ್ದು. ಅದರ ಕೆಳಗೆ ದೊಡ್ಡ ಡಾಕ್ಟರು ನಿಂತರು. ಓಣಿಯ ತುಂಬ ಕಟ್ಟಡದ ಜನ. ಡಾಕ್ಟರು ಮಾತು ಶುರುಮಾಡಿದರು. “ಕೆಲವು ಸಂದರ್ಭಗಳಲ್ಲಿ, ಮಾಹಿತಿಯ ಕೊರತೆಯಿಂದಾಗಿ...”

“ಯಾರಿಗೆ ಕೊರತೆ ಸಾರ್?” ಬಾಗಿಲಕ್ಕ ಹಿಂದಿನಿಂದ ಕೇಳಿದರು. “ನನಗಾ, ನಿಮಗಾ?”

ಡಾಕ್ಟರು ನೆಲ ನೋಡಿದರು. “ನನಗೆ ಗೊತ್ತಿತ್ತು,” ಎಂದರು.

“ಕೇಳಿಸ್ಲಿಲ್ಲ.”

“ನನಗೆ ಗೊತ್ತಿತ್ತು. ಮೊದಲಿನಿಂದಲೂ. ಹೇಳಿದ್ದರೆ ನೀವು ಕೋಣೆ ಬಿಡಬೇಕಾಗುತ್ತಿತ್ತು. ರಜೆಯ ದಿನ ಬರುವವರು ಬೇರೆ ಯಾರೂ ಇರಲಿಲ್ಲ.”

ನೋಡಿ, ಇಷ್ಟು ಸಣ್ಣ ಕಾರಣ. ದೊಡ್ಡ ವಿಜ್ಞಾನವಲ್ಲ, ಮನುಕುಲದ ಒಳಿತಲ್ಲ. ಭಾನುವಾರ ಬರುವವರಿಲ್ಲ ಎಂಬ ಕಾರಣಕ್ಕೆ ಒಬ್ಬ ಹೆಂಗಸಿನ ಮೈಯನ್ನು ಪಣಕ್ಕೆ ಒಡ್ಡಿದರು. ಆ ಭಾನುವಾರಗಳಲ್ಲಿ ಮನೆಯಲ್ಲಿ ಮಲಗಿದ್ದವರೂ ಆ ಓಣಿಯಲ್ಲಿ ನಿಂತಿದ್ದರು, ಅವರಲ್ಲಿ ಕೆಲವರು ಅತ್ತರು. ಬಾಗಿಲಕ್ಕ ಅಳಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಈಗಲೂ ಹೇಳುವುದಿಲ್ಲ. “ನಿಜ ಹೇಳಿದ್ರು, ಸಂತೋಷ. ಅದು ಬಾಕಿ ಇದ್ದದ್ದು, ಉಪಕಾರ ಅಲ್ಲ. ಕ್ಷಮೆ ಬೇಕಾದ್ರೆ ಈ ಬೆರಳನ್ನ ಕೇಳ್ಲಿ,” ಎನ್ನುತ್ತಾರೆ. ಅಲ್ಲಿಂದ ನೇರ ರಕ್ತದ ಕೋಣೆಗೆ ನಡೆದರು. ಯಾವ ಕೈ ಎಂದು ಸಿಸ್ಟರು ಕೇಳಿದಾಗ, “ಎಡಗೈ. ಬಲಗೈ ಕುಕ್ಕರಿಗೆ ಬೇಕು,” ಎಂದರು.

ಈಗ ಬೆಳಕು ಹರಿದು ಜನ ಬಂದಿದ್ದಾರೆ, ಕುಕ್ಕರು ಸಿಳ್ಳೆ ಹಾಕಿ ತಣ್ಣಗಾಗುತ್ತಿದೆ. ಗಾಜಿನಾಚೆ ಹೊಸ ಬಾಟಲಿಗಳಲ್ಲಿ ಹೊಸ ತಾಯಿಕೋಶಗಳು ಎದ್ದಿವೆ, ದ್ರವ ನಿಚ್ಚಳ ಕೆಂಪಗಿದೆ. ಸಾರಜನಕದ ಹಂಡೆ ತುಂಬಿಸುವುದು ಯಾರೆಂದು ಈಗ ಆದೇಶವೇ ಇದೆ. ಬಾಗಿಲಕ್ಕ ಆ ಕೋಣೆಗೆ ಇನ್ನು ಹೋಗುವುದಿಲ್ಲ, ಅದು ಅವರಿಗೂ ಗೊತ್ತು. ಹಳೆಯ ಕುರ್ಚಿಯಲ್ಲಿ ಸ್ಟೋರಿನಣ್ಣ ಕೂರುತ್ತಾರೆ. ಇನ್ನೇನು ಬೇಕು ನಿಮಗೆ, ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಾಗಿಲಕ್ಕನಿಗೆ ಉತ್ತರಿಸಲು ಪುರುಸೊತ್ತಿಲ್ಲ. ಕಣ್ಣು ಗಾಜಿನ ಆಚೆ ನೆಟ್ಟಿದೆ. ಅಲ್ಲಿ ಸ್ಟೋರಿನಣ್ಣ ಕಾವುಪೆಟ್ಟಿಗೆ ತೆರೆದು, ಕೈಯಲ್ಲಿ ಬಾಟಲಿ ಹಿಡಿದು, ಏನನ್ನೋ ನೆನಪಿಸಿಕೊಳ್ಳುತ್ತ ನಿಂತಿದ್ದಾರೆ. ಬಾಗಿಲಕ್ಕ ಒದ್ದೆ ಕೈಯಿಂದ ಗಾಜಿಗೆ ದಬದಬ ಬಡಿಯುತ್ತಾರೆ. ಮೇಲಿನ ಮಹಡಿಯಲ್ಲಿ ಯಾರದೋ ಕುರ್ಚಿ ಸರಿಯುತ್ತದೆ.

“ಬಾಗಿಲು! ಬಾಗಿಲು ಹಾಕಣ್ಣಾ! ಒಳಗಿರೋದು ನಾನು!”